ಕಿಡ್ನಿ ಸೋಲುವ ಮೊದಲೇ ಸುಳಿವು: ಎಪಿಜೆನೆಟಿಕ್ ಗುರುತುಗಳು ಎಷ್ಟು ಹೇಳಬಲ್ಲವು?

ಹೊನ್ನಾವರದ ಕಡೆಯ ನಮ್ಮ ಸೋದರಮಾವ ಹವ್ಯಾಸಿ ಭಾಗವತರು. ಡಯಾಲಿಸಿಸ್ ಶುರುವಾಗಿ ಮೂರು ವರ್ಷ ಆಯಿತು. ವಾರಕ್ಕೆ ಎರಡು ದಿನ, ಸಲಕ್ಕೆ ನಾಲ್ಕು ತಾಸು. ಎಡಗೈಯ ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳ ಕೂಡಿಸಿ ಹೊಲಿದ ಫಿಸ್ಟುಲಾ ಇದೆ. ಅದರ ಮೇಲೆ ಬೆರಳಿಟ್ಟರೆ ಚರ್ಮದಡಿ ಜೇನುನೊಣ ಸಿಕ್ಕಿಕೊಂಡ ಹಾಗೆ ಗುಂಯ್ ಎಂದು ನಡುಗುತ್ತದೆ. ಆ ನಡುಕ ನಿಂತರೆ ಫಿಸ್ಟುಲಾ ಕಟ್ಟಿಕೊಂಡಿತು ಎಂದೇ ಲೆಕ್ಕ. ಅದಕ್ಕೇ ಮಾವ ಬೆಳಿಗ್ಗೆ ಎದ್ದ ಕೂಡಲೇ ಬಲಗೈ ಬೆರಳಿಂದ ಅದನ್ನು ಮುಟ್ಟಿ ನೋಡಿಕೊಳ್ಳುತ್ತಾರೆ, ಆಟಕ್ಕೆ ಮೊದಲು ಚೌಕಿಯಲ್ಲಿ ಕೂತು ಮದ್ದಳೆಯ ಶ್ರುತಿ ನೋಡುವವರ ಹಾಗೆ.

ಅವರ ಆಸ್ಪತ್ರೆಯ ಫೈಲನ್ನು ನಾನು ಒಮ್ಮೆ ಪೂರ್ತಿ ತಿರುವಿ ಹಾಕಿದ್ದೇನೆ. ಸಕ್ಕರೆ ಕಾಯಿಲೆ ಗೊತ್ತಾದಂದಿನಿಂದ ಹದಿನಾರು ವರ್ಷದ ಚೀಟಿಗಳು. ಖಾಲಿ ಹೊಟ್ಟೆಯ ಸಕ್ಕರೆ, ಊಟದ ನಂತರದ ಸಕ್ಕರೆ, ಬಿ.ಪಿ. ಎಲ್ಲವೂ ತಪ್ಪದೆ ಇವೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯೇಟಿನಿನ್‌ನ ಅಳತೆ ಮೊದಲು ಕಾಣಿಸುವುದು ಹನ್ನೊಂದನೆಯ ವರ್ಷದಲ್ಲಿ. ಮೂತ್ರದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂದು ನೋಡಿದ ಮೊದಲ ಚೀಟಿಯ ಮೇಲಿನ ದಿನಾಂಕವಂತೂ, ಕಾಲು ಊದಿಕೊಂಡು ಚಪ್ಪಲಿ ಹಿಡಿಯದಾದ ವಾರದ್ದು.

ಕಳೆದ ಸಲ ಹೋದಾಗ ಮಾವನ ಮಗ ಜಗಲಿಯಲ್ಲಿ ಕೂತು ಕೇಳಿದ: "ಭಾವ, ಕಿಡ್ನಿ ಹಾಳಾಗುತ್ತದೆ ಅಂತ ರಕ್ತದಲ್ಲೇ ಮೊದಲು ಗೊತ್ತಾಗುವ ಎಂಥದೋ ಟೆಸ್ಟ್ ಬರ್ತದಂತಲ್ಲ, ಎಪಿಜೆನೆಟಿಕ್ ಅಂತ. ನಾನು ಮಾಡಿಸಿದ್ರೆ ಹೇಗೆ?" ಅವನಿಗೆ 33 ವರ್ಷ. ಸಕ್ಕರೆ ಕಾಯಿಲೆ ಗಡಿಯಲ್ಲಿದೆ. ಅವನ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ.

ಕೇಳಬೇಕಾದ ಪ್ರಶ್ನೆಯಂತೂ ಹೌದು. ಜಗತ್ತಿನ ರೋಗಭಾರವನ್ನು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ 2023ರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಯಿದ್ದ ವಯಸ್ಕರು ಸುಮಾರು 78.8 ಕೋಟಿ. 1990ರಲ್ಲಿ ಈ ಲೆಕ್ಕ 37.8 ಕೋಟಿ ಇತ್ತು. ಭಾರತವೊಂದರಲ್ಲೇ ಸುಮಾರು 13.8 ಕೋಟಿ ಜನ. ನಮಗಿಂತ ಮುಂದಿರುವುದು ಚೀನಾ ಮಾತ್ರ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಕಿಡ್ನಿ ಆರೋಗ್ಯದ ಬಗ್ಗೆ ಮೊಟ್ಟಮೊದಲ ನಿರ್ಣಯ ಅಂಗೀಕರಿಸಿತು.

ಈ ಕಾಯಿಲೆಯ ಕಷ್ಟ ಅದರ ಮೌನದಲ್ಲಿದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮ ಜಾಲರಿಗಳು, ಇರುತ್ತವೆ. ಕೆಲವು ಸತ್ತರೆ ಉಳಿದವು ಹೆಚ್ಚು ಹೊರೆ ಹೊತ್ತು ಕೆಲಸ ಸಾಗಿಸುತ್ತವೆ. ಮನೆಯಲ್ಲಿ ದುಡಿಯುವವನೊಬ್ಬ ಹಾಸಿಗೆ ಹಿಡಿದಾಗ ಉಳಿದವರು ಬಾಯಿಬಿಡದೆ ಎರಡು ಪಾಳಿ ದುಡಿದಂತೆ. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ, ದುಡಿದವರೂ ಬೇಗ ಸವೆಯುತ್ತಾರೆ. ರಕ್ತದ ಕ್ರಿಯೇಟಿನಿನ್ ಸಹಜ ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿರಬಹುದು. ಕ್ರಿಯೇಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಹಾಗಾಗಿ ಮೈಯಲ್ಲಿ ಮಾಂಸಖಂಡ ಕಡಿಮೆಯಿರುವ ಸಣಕಲು ಆಳಿನಲ್ಲಿ ಅದು ಕಡಿಮೆಯೇ ಕಾಣಿಸಿ ಇನ್ನಷ್ಟು ಕಾಲ ವೈದ್ಯರ ಕಣ್ಣು ತಪ್ಪಿಸುತ್ತದೆ. ಆದ್ದರಿಂದಲೇ ಕ್ರಿಯೇಟಿನಿನ್‌ಗಿಂತ ಮೊದಲು ಮಾತಾಡುವ ಸಾಕ್ಷಿಯೊಂದು ಬೇಕು ಎಂಬ ಹುಡುಕಾಟ. ಎಪಿಜೆನೆಟಿಕ್ ಗುರುತುಗಳ ಮೇಲೆ ವಿಜ್ಞಾನಿಗಳು ಇಟ್ಟಿರುವ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಪುಸ್ತಕ ಅದೇ, ಗುರುತು ಬೇರೆ

ಮಾವನ ಹತ್ತಿರ ಒಂದು ಹಳೆಯ ಪ್ರಸಂಗ ಪುಸ್ತಕವಿದೆ. ಅಚ್ಚಾದ ಪದ್ಯಗಳ ಪಕ್ಕದಲ್ಲೆಲ್ಲ ಪೆನ್ಸಿಲ್ ಗುರುತು. ಅಡ್ಡಗೆರೆ ಎಳೆದ ಪದ್ಯ ಹಾಡುವುದಿಲ್ಲ. ಚುಕ್ಕೆ ಇಟ್ಟದ್ದನ್ನು ಎರಡು ಸಲ ಎತ್ತಿಕೊಳ್ಳಬೇಕು. ಇಡೀ ರಾತ್ರಿಯ ಆಟಕ್ಕೆ ಒಂದು ರೀತಿ, ಮಳೆಗಾಲದ ಮೂರು ತಾಸಿನ ತಾಳಮದ್ದಳೆಗೆ ಇನ್ನೊಂದು ರೀತಿ. ಪದ್ಯದ ಒಂದು ಅಕ್ಷರವೂ ಬದಲಾಗಿಲ್ಲ, ಆದರೆ ರಂಗದ ಮೇಲೆ ನಡೆಯುವ ಕಥೆ ಬೇರೆ.

ನಮ್ಮ ಡಿಎನ್‌ಎ ಆ ಅಚ್ಚಾದ ಪುಸ್ತಕ. ಕಿಡ್ನಿಯ ಜೀವಕೋಶದಲ್ಲೂ ರಕ್ತದ ಬಿಳಿ ಕಣದಲ್ಲೂ ಇರುವುದು ಅದೇ ಪುಸ್ತಕದ ಪ್ರತಿ. ಯಾವ ಜೀನ್ ಹಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ತೀರ್ಮಾನಿಸುವುದು ಆಯಾ ಪ್ರತಿಯ ಅಂಚಿನಲ್ಲಿರುವ ರಾಸಾಯನಿಕ ಗುರುತುಗಳು. ಅಕ್ಷರ ಮುಟ್ಟದೆ ಓದನ್ನು ಬದಲಿಸುವ ಈ ವ್ಯವಸ್ಥೆಯ ಅಧ್ಯಯನವೇ ಎಪಿಜೆನೆಟಿಕ್ಸ್. 1942ರಲ್ಲಿ ಈ ಹೆಸರು ಕೊಟ್ಟವರು ಬ್ರಿಟಿಷ್ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್. ಗುರುತುಗಳಲ್ಲಿ ಹಲವು ಬಗೆ. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೂ ಇರುತ್ತವೆ. ಆದರೆ ಸಾವಿರಾರು ಜನರಲ್ಲಿ ಅಳೆಯಲು ಸುಲಭವಾದದ್ದು ಮೀಥೈಲ್ ಗುರುತು: ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಪುಟ್ಟ ಗುಂಪು. ಡಿಎನ್‌ಎ ಸಾಲಿನಲ್ಲಿ 'ಸಿ' ಅಕ್ಷರದ ಮುಂದೆ 'ಜಿ' ಬಂದ ಕಡೆ ಅದು ಹೋಗಿ ಕೂರುತ್ತದೆ. ಅಂಥ ಜಾಗಗಳು ಮನುಷ್ಯನ ಜೀನೋಮಿನಲ್ಲಿ ಸುಮಾರು 2.8 ಕೋಟಿ.

ಇದನ್ನು ಓದುವ ಬಗೆ ಚೆಂದ ಇದೆ. ರಕ್ತದಿಂದ ತೆಗೆದ ಡಿಎನ್‌ಎಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ನೆನೆಸುತ್ತಾರೆ. ಮೀಥೈಲ್ ಗುರುತು ಇಲ್ಲದ 'ಸಿ' ಅದರಲ್ಲಿ ರೂಪ ಬದಲಿಸಿ, ಮುಂದಿನ ಓದಿನಲ್ಲಿ 'ಟಿ' ಎಂದು ಕಾಣಿಸುತ್ತದೆ. ಗುರುತು ಇರುವ 'ಸಿ' ಹಾಗೇ ಉಳಿಯುತ್ತದೆ. ಈಗ ಬಳಕೆಯಲ್ಲಿರುವ ಚಿಪ್‌ಗಳು ಒಂದೇ ಸಲಕ್ಕೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಜಾಗಗಳಲ್ಲಿ ಹೀಗೆ ಎಣಿಸಿ, ಒಂದೊಂದರಲ್ಲೂ ಶೇಕಡಾ ಎಷ್ಟು ಪ್ರತಿಗಳಿಗೆ ಗುರುತು ಬಿದ್ದಿದೆ ಎಂದು ಹೇಳುತ್ತವೆ. ದೊಡ್ಡ ಲೆಕ್ಕವೇ, ಆದರೂ 2.8 ಕೋಟಿಯ ಮುಂದೆ ಅದು ಶೇಕಡಾ ಮೂರರಷ್ಟು ಅಷ್ಟೇ.

ಪೆನ್ಸಿಲ್ ಗುರುತಿಗೂ ಕಿಡ್ನಿಗೂ ನಿಜವಾದ ನಂಟಿದೆ ಎಂಬುದಕ್ಕೆ ಪುರಾವೆಗಳಿವೆ. ಕಾಯಿಲೆ ಬೆಳೆದಂತೆ ಕಿಡ್ನಿಯಲ್ಲಿ ಗಾಯದ ಕಲೆಯಂಥ ನಾರು ತುಂಬಿಕೊಳ್ಳುತ್ತದೆ. ಅದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಗಾಯ ಮಾಗಿದ ಮೇಲೆ ನಾರು ನೇಯುವ ಕೋಶಗಳು ಕೆಲಸ ನಿಲ್ಲಿಸಬೇಕು, ಆದರೆ ಇಲ್ಲಿ ನಿಲ್ಲಿಸುವುದಿಲ್ಲ. ಯಾಕೆ? 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಕಾರಣವೊಂದನ್ನು ತೋರಿಸಿತು. ಆ ಕೋಶಗಳಿಗೆ ಬ್ರೇಕ್ ಹಾಕುವ ರಾಸಲ್1 ಎಂಬ ಜೀನ್‌ನ ಮೇಲೆ ಮೀಥೈಲ್ ಗುರುತುಗಳು ಒತ್ತಾಗಿ ಬಿದ್ದು, ಅದು ಬಾಯಿ ಮುಚ್ಚಿಕೊಂಡಿತ್ತು. ಮೀಥೈಲ್ ಬೀಳದಂತೆ ತಡೆಯುವ ಔಷಧಿ ಕೊಟ್ಟ ಇಲಿಗಳಲ್ಲಿ ನಾರು ಕಡಿಮೆಯಾಯಿತು. ಅಡ್ಡಗೆರೆ ಅಳಿಸಿದರೆ ಪದ್ಯ ಮತ್ತೆ ಕೇಳಿಸುತ್ತದೆ ಎಂದಾಯಿತು.

ರಕ್ತದ ಸಾಕ್ಷಿಯನ್ನು ಎಷ್ಟು ನಂಬಬೇಕು

ಇಲಿಯಿಂದ ಮನುಷ್ಯರ ಕಡೆ ಬರೋಣ. 2017ರಲ್ಲಿ ಅಮೆರಿಕದ ಎರಡು ದೊಡ್ಡ ಸಮೀಕ್ಷೆಗಳ, ಅಂದರೆ 2,264 ಆಫ್ರಿಕನ್ ಅಮೆರಿಕನ್ನರ ಮತ್ತು ಫ್ರೇಮಿಂಗ್‌ಹ್ಯಾಮ್ ಊರಿನ 2,595 ಜನರ, ರಕ್ತವನ್ನು ಹೀಗೆ ಓದಿದಾಗ ಕಿಡ್ನಿಯ ಕಾರ್ಯಶಕ್ತಿಯೊಂದಿಗೆ ನಂಟಿರುವ 19 ಜಾಗಗಳು ಸಿಕ್ಕಿದವು. ಅವುಗಳಲ್ಲಿ ಐದು ಜಾಗಗಳು ರೋಗಿಗಳ ಕಿಡ್ನಿ ಬಯಾಪ್ಸಿಯಲ್ಲಿ ಕಂಡ ಫೈಬ್ರೋಸಿಸ್ ಜೊತೆಗೂ ತಾಳೆಯಾದವು. 2021ರಲ್ಲಿ ಹಲವು ದೇಶಗಳ ತಂಡಗಳು ಒಟ್ಟು ಸೇರಿ 33,605 ಜನರ ಮಾಹಿತಿ ಕೂಡಿಸಿದಾಗ, ಕಿಡ್ನಿ ಸೋಸುವ ವೇಗದೊಂದಿಗೆ ನಂಟಿರುವ 69 ಜಾಗಗಳು, 15,068 ಜನರಲ್ಲಿ ಮೂತ್ರದ ಆಲ್ಬುಮಿನ್ ಜೊತೆ ನಂಟಿರುವ 7 ಜಾಗಗಳು ಗಟ್ಟಿಯಾಗಿ ನಿಂತವು.

ಸುದ್ದಿಗಳಲ್ಲಿ ಬರುವುದು ಇಲ್ಲಿಯವರೆಗಿನ ಕಥೆ. ಆದರೆ 'ನಂಟಿದೆ' ಎನ್ನುವುದು ಬೇರೆ, 'ಮುನ್ಸೂಚನೆ ಕೊಡುತ್ತದೆ' ಎನ್ನುವುದು ಬೇರೆ. ಇವೆರಡರ ನಡುವೆ ಒಂದು ಹೊಳೆಯೇ ಇದೆ, ಅದಕ್ಕೆ ಇನ್ನೂ ಕಾಲುಸಂಕ ಹಾಕುತ್ತಿದ್ದಾರೆ ಅಷ್ಟೆ.

ಓದುತ್ತಿರುವುದು ಯಾವ ಪ್ರತಿಯನ್ನು ಎನ್ನುವುದನ್ನು ಮೊದಲು ಗಮನಿಸಬೇಕು. ಕಾಯಿಲೆ ಇರುವುದು ಕಿಡ್ನಿಯಲ್ಲಿ, ನಾವು ಪುಟ ತಿರುವುತ್ತಿರುವುದು ರಕ್ತದ ಬಿಳಿ ಕಣಗಳ ಪುಸ್ತಕವನ್ನು. ಮಾವನ ಪ್ರತಿಯ ಗುರುತು ನೋಡಿ ಪಕ್ಕದ ಮೇಳದ ಭಾಗವತರು ಇವತ್ತು ಏನು ಹಾಡುತ್ತಾರೆಂದು ಹೇಳಲು ಹೊರಟಂತೆ. ಕೆಲವು ಗುರುತು ಎರಡರಲ್ಲೂ ಒಂದೇ ಇರಬಹುದು, ಹಲವು ಇರುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಟಾಲಿನ್ ಸುಸ್ತಾಕ್ ಅವರ ತಂಡ ನೇರವಾಗಿ ಕಿಡ್ನಿಯ ಅಂಗಾಂಶವನ್ನೇ ಓದಿ, ಸಕ್ಕರೆ ಕಾಯಿಲೆಯ ರೋಗಿಗಳಲ್ಲಿ ಕಿಡ್ನಿ ಎಷ್ಟು ಬೇಗ ಕುಸಿಯುತ್ತದೆ ಎಂಬ ಅಂದಾಜು ಅದರಿಂದ ಸುಧಾರಿಸುತ್ತದೆ ಎಂದು 2019ರಲ್ಲಿ ತೋರಿಸಿತು. ವಿಜ್ಞಾನವಾಗಿ ಇದು ದೊಡ್ಡ ಹೆಜ್ಜೆ. ಆದರೆ ಆರೋಗ್ಯವಂತನಂತೆ ಓಡಾಡುವವನ ಬೆನ್ನಿಗೆ ಬಯಾಪ್ಸಿ ಸೂಜಿ ಚುಚ್ಚಿ ಭವಿಷ್ಯ ಕೇಳುವಂತಿಲ್ಲವಲ್ಲ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದು: ಯಾವುದು ಮೊದಲು? ಗುರುತು ಬಿದ್ದು ಕಿಡ್ನಿ ಕೆಟ್ಟಿತೋ, ಕಿಡ್ನಿ ಕೆಟ್ಟು ಗುರುತು ಬಿತ್ತೋ? ಕಿಡ್ನಿ ಸೋತವರ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ಅದು ಮೀಥೈಲ್ ಅಂಟಿಸುವ ಕೆಲಸಕ್ಕೇ ಅಡ್ಡಿ. 2003ರಲ್ಲಿ ಇಟಲಿಯ ಸಂಶೋಧಕರು ಡಯಾಲಿಸಿಸ್ ರೋಗಿಗಳಲ್ಲಿ ಮೀಥೈಲ್ ಗುರುತು ಕಡಿಮೆಯಾಗಿರುವುದನ್ನು ಕಂಡರು. ಫೋಲೇಟ್ ವಿಟಮಿನ್ ಕೊಟ್ಟಾಗ ಗುರುತು ಮರಳಿತು. ಅಂದರೆ ಅಲ್ಲಿ ಗುರುತಿನ ಬದಲಾವಣೆ ಕಾಯಿಲೆಯ ಫಲ. ಬೆಂಕಿ ಹತ್ತಿದ ಮೇಲೆ ಏಳುವ ಹೊಗೆಯನ್ನು ಮುನ್ಸೂಚನೆ ಅನ್ನಲಾಗದು. 2021ರ ಅಧ್ಯಯನ ಈ ಗಂಟನ್ನು ಬಿಡಿಸಲು ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸಗಳನ್ನು ಬಳಸಿಕೊಂಡಿತು. ಅವು ಕಾಯಿಲೆಗಿಂತ ಮೊದಲೇ ಇರುವಂಥವು, ಕಾಯಿಲೆಯಿಂದ ಬದಲಾಗುವಂಥವಲ್ಲ. ಆ ಜರಡಿಯಲ್ಲಿ ಕಾರಣವಿರಬಹುದು ಎಂದು ಉಳಿದದ್ದು ನಾಲ್ಕು ಜೀನ್‌ಗಳ ಹತ್ತಿರದ ಗುರುತುಗಳು. ಅವುಗಳಲ್ಲಿ ಒಂದಾದ ಐಆರ್‌ಎಫ್5, ರೋಗನಿರೋಧಕ ವ್ಯವಸ್ಥೆಯ ಜೀನ್. 69ರಲ್ಲಿ ಬೆರಳೆಣಿಕೆಯಷ್ಟು ಎಂದು ನಿರಾಶೆಪಡಬೇಕಾಗಿಲ್ಲ. ಆದರೆ ಉಳಿದವನ್ನೆಲ್ಲ 'ಕಾಯಿಲೆಯ ಬೇರು' ಎಂದು ಬರೆಯುವುದು ತಪ್ಪು.

ಮೈ ಮರೆಯದ ಲೆಕ್ಕ

ಹಾಗಿದ್ದರೂ ನಾನು ಈ ವಿಷಯವನ್ನು ಬಿಡದೆ ಹಿಂಬಾಲಿಸುತ್ತಿರುವುದಕ್ಕೆ ಕಾರಣ ಒಂದು ಹಳೆಯ ಪ್ರಯೋಗ. 1983ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಮಧುಮೇಹದ 1,441 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಗಿಯಾದ ಸಕ್ಕರೆ ನಿಯಂತ್ರಣ, ಇನ್ನೊಂದಕ್ಕೆ ಆ ಕಾಲದ ಸಾಮಾನ್ಯ ಚಿಕಿತ್ಸೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದರಲ್ಲಿ ಸುಮಾರು 7, ಇನ್ನೊಂದರಲ್ಲಿ ಸುಮಾರು 9. ಬಿಗಿ ನಿಯಂತ್ರಣದವರ ಕಣ್ಣು, ಕಿಡ್ನಿ, ನರಗಳು ಎಷ್ಟು ಚೆನ್ನಾಗಿ ಉಳಿದವು ಎಂದರೆ 1993ರಲ್ಲಿ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ ಎಲ್ಲರಿಗೂ ಬಿಗಿ ಚಿಕಿತ್ಸೆಯನ್ನೇ ಹೇಳಿದರು.

ಕೆಲವೇ ವರ್ಷಗಳಲ್ಲಿ ಎರಡೂ ಗುಂಪಿನ ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ತೊಂದರೆಗಳೂ ಸಮ ಆಗಬೇಕಿತ್ತು, ಆಗಲಿಲ್ಲ. ಹಿಂದೆ ಸಕ್ಕರೆ ಹೆಚ್ಚಿದ್ದವರ ಕಿಡ್ನಿ ನಂತರದ ಹತ್ತಾರು ವರ್ಷ ಆ ಹಿಂದಿನ ಸಾಲ ತೀರಿಸುತ್ತಲೇ ಹೋಯಿತು. ಇದಕ್ಕೆ ಮೆಟಬಾಲಿಕ್ ಮೆಮೊರಿ, ಮೈಯ ನೆನಪು, ಎಂದು ಹೆಸರಾಯಿತು. ನೆನಪು ಇರುವುದೆಲ್ಲಿ? ಸಿಟಿ ಆಫ್ ಹೋಪ್ ಸಂಸ್ಥೆಯ ರಮಾ ನಟರಾಜನ್ ಅವರ ತಂಡ ಇದೇ ಜನರ ಶೇಖರಿಸಿಟ್ಟ ರಕ್ತವನ್ನು ಓದಿ 2016ರಲ್ಲಿ ಉತ್ತರದ ಒಂದು ತುಣುಕು ಕೊಟ್ಟಿತು. ಸಕ್ಕರೆ ಹೆಚ್ಚಾದಾಗ ಜೀವಕೋಶಕ್ಕೆ ಒತ್ತಡ ಹೆಚ್ಚಿಸುವ ಟಿಎಕ್ಸ್‌ಎನ್‌ಐಪಿ ಎಂಬ ಜೀನ್ ಇದೆ. ಹಿಂದೆ ಸಕ್ಕರೆ ಹೆಚ್ಚಿದ್ದು ತೊಂದರೆಗಳು ಮುಂದುವರಿದವರಲ್ಲಿ ಆ ಜೀನ್‌ನ ಮೀಥೈಲ್ ಕಡಿಮೆಯಾಗಿತ್ತು, ಪ್ರಯೋಗ ಮುಗಿದು ಹದಿನಾರು-ಹದಿನೇಳು ವರ್ಷದ ನಂತರವೂ ಹಾಗೇ ಇತ್ತು. ಸಕ್ಕರೆ ಇಳಿದಿತ್ತು, ಗುರುತು ಅಳಿಸಿರಲಿಲ್ಲ.

ಇವತ್ತಿನ ರಕ್ತಪರೀಕ್ಷೆ ಇವತ್ತಿನ ಸಕ್ಕರೆ ಹೇಳುತ್ತದೆ, ಎಚ್‌ಬಿಎ1ಸಿ ಮೂರು ತಿಂಗಳ ಲೆಕ್ಕ ಕೊಡುತ್ತದೆ. ಹತ್ತು ವರ್ಷದ ಹಿಂದೆ ಕಾಯಿಲೆ ಇದೆಯೆಂದೇ ಗೊತ್ತಿಲ್ಲದೆ ಕಳೆದ ದಿನಗಳ ಲೆಕ್ಕವನ್ನು ಇವೆರಡೂ ಹೇಳಲಾರವು. ನಮ್ಮಲ್ಲಿ ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಗೊತ್ತಾಗುವುದೇ ಕಾಲಿನ ಹುಣ್ಣು ಮಾಗದಾಗ, ಇಲ್ಲವೇ ಇನ್ಯಾವುದೋ ಆಪರೇಷನ್‌ಗೆ ಹೋದಾಗ. ಆ ದಾಖಲೆಯಿಲ್ಲದ ವರ್ಷಗಳನ್ನು ಗುರುತುಗಳಿಂದ ಓದಲು ಬರುವಂತಾದರೆ ಅದು ಬೇರಾವ ಪರೀಕ್ಷೆಯೂ ಕೊಡದ ಮಾಹಿತಿ. ಎಪಿಜೆನೆಟಿಕ್ಸ್‌ನ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ನೆನಪು ಇನ್ನೂ ಹಿಂದಕ್ಕೆ, ಹೊಟ್ಟೆಯಲ್ಲಿದ್ದ ಕಾಲಕ್ಕೂ ಹೋಗುತ್ತದೆ. 1944-45ರ ಚಳಿಗಾಲದಲ್ಲಿ ನಾಜಿ ಸೇನೆಯ ದಿಗ್ಬಂಧನದಿಂದ ನೆದರ್‌ಲ್ಯಾಂಡ್ಸ್‌ನ ಪಶ್ಚಿಮ ಭಾಗ ಹಸಿವಿನಿಂದ ನರಳಿತು. ಆಗ ಬಸಿರಲ್ಲಿದ್ದು ನಂತರ ಹುಟ್ಟಿದವರನ್ನು ಅರವತ್ತು ವರ್ಷದ ಮೇಲೆ ಪರೀಕ್ಷಿಸಿದಾಗ, ಗರ್ಭಧಾರಣೆಯ ಹೊತ್ತಿಗೇ ಬರಕ್ಕೆ ಸಿಕ್ಕವರ ಐಜಿಎಫ್2 ಎಂಬ ಬೆಳವಣಿಗೆಯ ಜೀನ್‌ನಲ್ಲಿ ಮೀಥೈಲ್ ಗುರುತು ಒಡಹುಟ್ಟಿದವರಿಗಿಂತ ಕಡಿಮೆಯಿತ್ತು. ಬೇರೊಂದು ಅಧ್ಯಯನದಲ್ಲಿ, ಬಸಿರಿನ ನಡುವಿನ ತಿಂಗಳುಗಳಲ್ಲಿ ಬರಕ್ಕೆ ಸಿಕ್ಕವರ ಮೂತ್ರದಲ್ಲಿ ಆಲ್ಬುಮಿನ್ ಸೋರುವುದು ಹೆಚ್ಚು ಕಂಡಿತು. ನೆಫ್ರಾನ್‌ಗಳು ರೂಪುಗೊಳ್ಳುವುದು ಬಸಿರಿನಲ್ಲೇ. ಅವಧಿ ತುಂಬಿ ಹುಟ್ಟಿದ ಮೇಲೆ ಹೊಸದೊಂದೂ ಸೇರುವುದಿಲ್ಲ. ಕಡಿಮೆ ತೂಕದ ಮಗು ಕಡಿಮೆ ನೆಫ್ರಾನ್‌ಗಳ ಬಂಡವಾಳದಲ್ಲೇ ಬಾಳು ಶುರುಮಾಡುತ್ತದೆ ಎಂಬ ವಾದವನ್ನು ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1988ರಲ್ಲಿ ಮುಂದಿಟ್ಟರು.

ಇಲ್ಲಿ ಮೈಸೂರನ್ನು ನೆನೆಯಲೇಬೇಕು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಯಾರಿಗೆ ಯಾವಾಗ ಬೇಕಾಗುತ್ತದೆಂದು ತಿಳಿಯದೆ, ಶಿಸ್ತಿಗಾಗಿ ಬರೆದ ಬರಹ ಅದು. ಸಂಶೋಧಕರು ಆ ಪುಟಗಳ ಹೆಸರು ಹಿಡಿದು ಹೋಗಿ ದೊಡ್ಡವರಾದ ಆ ಮಕ್ಕಳನ್ನು ಹುಡುಕಿ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಜಗತ್ತಿಗೆ ತೋರಿಸಿದರು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರಿಂದಲೇ ಶುರುಮಾಡಿದ ಹೊಸ ಅಧ್ಯಯನದಲ್ಲಿ ಶೇಕಡಾ 43 ತಾಯಂದಿರಿಗೆ ಬಿ12 ವಿಟಮಿನ್ ಕೊರತೆ ಕಂಡಿತು. ಫೋಲೇಟ್ ಕೊರತೆ ಶೇಕಡಾ 4 ಮಾತ್ರ.

ಈ 43 ನಮ್ಮ ಕಥೆಗೆ ಸಂಬಂಧವಿಲ್ಲದ ಅಂಕಿಯಲ್ಲ. ಮೈಯೊಳಗೆ ಮೀಥೈಲ್ ಗುಂಪು ತಯಾರಾಗುವ ಚಕ್ರ ತಿರುಗುವುದು ಬಿ12 ಮತ್ತು ಫೋಲೇಟ್‌ಗಳಿಂದ. ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮಾಂಸ ಹಾಲು ತಿಂದು ಬೆಳೆದವರ ರಕ್ತದಲ್ಲಿ ಅಳತೆಮಾಡಿ ಕಟ್ಟಿದ ಲೆಕ್ಕವನ್ನು, ಬಿ12 ಕೊರತೆಯಲ್ಲೇ ಬಾಳುವ ನಮ್ಮ ಕಡೆಯವರಿಗೆ ಹಾಗೇ ಹೊಂದಿಸಿದರೆ ಗುರುತಿನ ಏರುಪೇರು ಕಿಡ್ನಿಯದೋ ಊಟದ್ದೋ ಎಂದು ಬೇರ್ಪಡಿಸುವುದು ಕಷ್ಟ. ಇದುವರೆಗಿನ ದೊಡ್ಡ ಅಧ್ಯಯನಗಳಲ್ಲಿರುವವರು ಬಹುಪಾಲು ಯುರೋಪ್ ಮೂಲದವರು ಮತ್ತು ಆಫ್ರಿಕನ್ ಅಮೆರಿಕನ್ನರು. ಹಾಂಗ್‌ಕಾಂಗ್‌ನ ಮಧುಮೇಹಿಗಳಲ್ಲಿ, ಅಮೆರಿಕದ ಮೂಲನಿವಾಸಿಗಳಲ್ಲಿ ಒಳ್ಳೆಯ ಕೆಲಸ ನಡೆದಿದೆ. ನಮ್ಮಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವೊಂದು ಕಟ್ಟಿಕೊಂಡಿದೆ. ನಮ್ಮ ಜನರ ಗುರುತುಗಳನ್ನು ಓದಬೇಕಾದ ಜಾಗ ಅಂಥದ್ದು.

ಪಕ್ಕದ ಆಂಧ್ರದ ಉದ್ದಾನಂ, ಶ್ರೀಲಂಕಾದ ಅನುರಾಧಪುರದ ಸುತ್ತಮುತ್ತ, ಎಲ್ ಸಾಲ್ವಡಾರ್‌ನ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ, ಬಿ.ಪಿ. ಎರಡೂ ಇಲ್ಲದ ರೈತರ, ಕೂಲಿಗಳ ಕಿಡ್ನಿ ಸೋಲುತ್ತಿದೆ. ಬಿಸಿಲೋ, ನೀರೋ, ಕೀಟನಾಶಕವೋ ಎಂಬ ವಾದ ಮುಗಿದಿಲ್ಲ. ಬೀಡಿ ಸಿಗರೇಟು ಸೇದಿದವರ ರಕ್ತದಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್‌ನ ಗುರುತು ಎಷ್ಟು ಸ್ಪಷ್ಟವಾಗಿ ಬದಲಾಗುತ್ತದೆ ಎಂದರೆ, ಅದನ್ನು ನೋಡಿಯೇ ಸೇದುವ ಅಭ್ಯಾಸ ಹೇಳಬಹುದು. ವಿಷಕ್ಕೂ ಬಿಸಿಲಿಗೂ ಅಂಥ ಗುರುತು ಸಿಕ್ಕರೆ ಆ ಊರುಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಷ್ಟೆಲ್ಲ ಹೇಳಬಲ್ಲ ಪರೀಕ್ಷೆ ಯಾರ ಕೈಗೆ ಹೋಗುತ್ತದೆ, ವಿಮೆ ಕಂಪನಿಗೆ ಅದನ್ನು ಕೇಳುವ ಹಕ್ಕಿರಬೇಕೇ ಎಂಬುದನ್ನು ಪರೀಕ್ಷೆ ಬರುವ ಮೊದಲೇ ಕಾನೂನು ತೀರ್ಮಾನಿಸಬೇಕು.

ಮೂತ್ರದ ಡಬ್ಬಿಯ ಎದುರು

ಈಗ ಖಂಡಿತವಾದ ಪ್ರಶ್ನೆ. ಹೊಸ ಪರೀಕ್ಷೆ ಒಳ್ಳೆಯದೇ ಎಂದು ಕೇಳಿದರೆ ಸಾಲದು, ಯಾವುದಕ್ಕಿಂತ ಒಳ್ಳೆಯದು ಎಂದು ಕೇಳಬೇಕು. ಕೆನಡಾದ ನವದೀಪ್ ತಂಗ್ರಿ ಅವರ ತಂಡ 2011ರಲ್ಲಿ ಒಂದು ಸೂತ್ರ ಕೊಟ್ಟಿತು. ವಯಸ್ಸು, ಗಂಡೋ ಹೆಣ್ಣೋ, ಕ್ರಿಯೇಟಿನಿನ್‌ನಿಂದ ಲೆಕ್ಕ ಹಾಕಿದ ಸೋಸುವ ವೇಗ, ಮೂತ್ರದ ಆಲ್ಬುಮಿನ್: ಈ ನಾಲ್ಕೇ ಅಂಶ. ಏಳು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಲ್ಲಿ 2016ರಲ್ಲಿ ಒರೆಹಚ್ಚಿದಾಗ ಅದರ ಅಂಕ 0.9ರ ಆಸುಪಾಸು. ಅಂದರೆ ಕಿಡ್ನಿ ಸೋತವನೊಬ್ಬ, ಸೋಲದವನೊಬ್ಬ ಇಬ್ಬರನ್ನು ಮುಂದೆ ನಿಲ್ಲಿಸಿದರೆ, ನೂರರಲ್ಲಿ ತೊಂಬತ್ತು ಸಲ ಯಾರ ಅಪಾಯ ಹೆಚ್ಚಿತ್ತೆಂದು ಅದು ಮೊದಲೇ ಸರಿಯಾಗಿ ಗುರುತಿಸುತ್ತದೆ. ನಾಣ್ಯ ಚಿಮ್ಮಿ ಹೇಳಿದರೆ ಐವತ್ತು ಸಲ ಸರಿಯಾಗುತ್ತದೆ. ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತದ ಪರೀಕ್ಷೆಗೆ ಕೆಲವು ನೂರು ರೂಪಾಯಿ, ಮೀಥೈಲ್ ಚಿಪ್‌ಗೆ ಸಾವಿರಾರು ರೂಪಾಯಿ.

ಆದರೆ ಈ ಸೂತ್ರ ಕೆಲಸ ಮಾಡುವುದು ಆಗಲೇ ಕಾಯಿಲೆ ಕಾಲಿಟ್ಟವರಲ್ಲಿ, ಮುಂದಿನ ಎರಡು ಅಥವಾ ಐದು ವರ್ಷದ ಮಾತಿಗೆ. ಸೋಸುವ ವೇಗವೂ ಆಲ್ಬುಮಿನ್ ಕೂಡ ಸಹಜವಾಗಿರುವ, ಆದರೆ ಹದಿನೈದು ವರ್ಷದಲ್ಲಿ ಸೋಲಲಿರುವ ಮನುಷ್ಯನ ಬಗ್ಗೆ ಅದು ಏನೂ ಹೇಳುವುದಿಲ್ಲ. ಸಕ್ಕರೆ ಕಾಯಿಲೆಯ ಕೆಲವರಲ್ಲಿ ಆಲ್ಬುಮಿನ್ ಸೋರದೆಯೇ ಕಿಡ್ನಿ ಕುಸಿಯುವುದೂ ಉಂಟು. ಮೀಥೈಲ್ ಗುರುತುಗಳು ತಮ್ಮ ಯೋಗ್ಯತೆ ತೋರಿಸಬೇಕಾದದ್ದು ಈ ಎರಡು ಬಗೆಯ ಜನರಲ್ಲಿ, ಆಗಲೇ ಕ್ರಿಯೇಟಿನಿನ್ ಏರಿದವರಲ್ಲಲ್ಲ.

ಎಲ್ಲರಿಗೂ ಪರೀಕ್ಷೆ ಮಾಡಿಬಿಡೋಣ ಎನ್ನುವವರಿಗಾಗಿ ಒಂದು ಸಣ್ಣ ಲೆಕ್ಕ. ಸಾವಿರ ಜನರಲ್ಲಿ ಐವತ್ತು ಮಂದಿಗೆ ಮುಂದೆ ಕಾಯಿಲೆ ಬರಲಿದೆ ಎಂದುಕೊಳ್ಳಿ. ಬರುವವರಲ್ಲಿ ನೂರಕ್ಕೆ ತೊಂಬತ್ತು ಜನರನ್ನು ಹಿಡಿಯುವ, ಬರದವರಲ್ಲಿ ನೂರಕ್ಕೆ ತೊಂಬತ್ತು ಜನರನ್ನು ಸರಿಯಾಗಿ ಬಿಟ್ಟುಕಳಿಸುವ ಪರೀಕ್ಷೆ ಇದೆ ಎನ್ನಿ. ಐವತ್ತರಲ್ಲಿ 45 ಜನ ಸಿಕ್ಕರು. ಉಳಿದ 950ರಲ್ಲಿ 95 ಜನರಿಗೂ 'ಅಪಾಯ' ಎಂಬ ಚೀಟಿ ಹೋಯಿತು. ಚೀಟಿ ಸಿಕ್ಕ 140 ಜನರಲ್ಲಿ ಮೂರನೆಯ ಎರಡು ಭಾಗ ವೃಥಾ ಹೆದರಿ ವರ್ಷಗಟ್ಟಲೆ ನಿದ್ದೆಗೆಟ್ಟವರು. ಇಷ್ಟು ನಿಖರವಾದ ಮೀಥೈಲ್ ಪರೀಕ್ಷೆಯೂ ಇವತ್ತು ಕೈಯಲ್ಲಿಲ್ಲ.

ಹಿಂದೆ ಮುನ್ಸೂಚನೆ ಸಿಕ್ಕರೂ ಮಾಡಲು ಹೆಚ್ಚೇನಿರಲಿಲ್ಲ, ಬಿ.ಪಿ. ಮಾತ್ರೆ, ಪಥ್ಯ ಅಷ್ಟೇ. ಈಗ ಹಾಗಿಲ್ಲ. ಡಪಾಗ್ಲಿಫ್ಲೋಜಿನ್ ಮಾತ್ರೆ, 2020ರಲ್ಲಿ ಪ್ರಕಟವಾದ 4,304 ರೋಗಿಗಳ ಪ್ರಯೋಗದಲ್ಲಿ, ಕಿಡ್ನಿ ಕುಸಿತ ಮತ್ತು ಸಾವುಗಳನ್ನು ಒಟ್ಟುಗೂಡಿಸಿದ ಅಪಾಯವನ್ನು ಶೇಕಡಾ 39ರಷ್ಟು ತಗ್ಗಿಸಿತು. ಅದೇ ಬಗೆಯ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ಮುಗಿದು ಬೆಲೆ ಧಡಕ್ಕನೆ ಇಳಿಯಿತು. ಬೇಗ ಗೊತ್ತಾದಷ್ಟೂ ಉಳಿಸಿಕೊಳ್ಳುವುದು ಹೆಚ್ಚು. ಹಾಗಾಗಿ ನನಗೆ ಎರಡು ಬೇಡಿಕೆಗಳಿವೆ, ಎರಡೂ ಒಟ್ಟೊಟ್ಟಿಗೆ. ಮೈಸೂರಿನಂಥ ಕಡೆ ಹುಟ್ಟಿನಿಂದ ಹಿಂಬಾಲಿಸಿದ ನಮ್ಮವರಲ್ಲೇ ಈ ಗುರುತುಗಳನ್ನು ಓದುವ ಕೆಲಸಕ್ಕೆ ಹಣ ಬರಬೇಕು. ಹಾಗೆಯೇ, ಸಕ್ಕರೆ ಅಥವಾ ಬಿ.ಪಿ. ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ತಪ್ಪದೆ ಆಗಬೇಕು. ಮಾವನ ಫೈಲಿನಲ್ಲಿ ಕಾಲು ಊದುವವರೆಗೂ ಇಲ್ಲದೇ ಹೋದದ್ದು ಚಿಪ್ ಅಲ್ಲ, ಆ ಡಬ್ಬಿ.

ಮಾವನ ಮಗನಿಗೆ ನಾನು ಹೇಳಿದ್ದು ಇಷ್ಟು: "ಆ ಟೆಸ್ಟ್ ಇನ್ನೂ ನಿನಗೆ ಸಿಗುವ ಹಾಗೆ ಬಂದಿಲ್ಲ. ಮೊದಲು ಬೆಳಗಿನ ಮೂತ್ರ ಕೊಟ್ಟು ಬಾ. ಹುಟ್ಟಿದಾಗ ನೀನು ಎಷ್ಟು ತೂಕ ಇದ್ದೆ ಅಂತ ಅತ್ತೆ ಹತ್ರ ಕೇಳು." ಅತ್ತೆ ಕಪಾಟಿನ ಸೀರೆಗಳಡಿಯಿಂದ ಹಳದಿಯಾದ ಕಾರ್ಡು ಹುಡುಕಿ ತಂದರು: ಎರಡು ಕಿಲೋ ನೂರು ಗ್ರಾಂ. ಮುಂದಿನ ವಾರ ಅವನ ರಿಪೋರ್ಟ್ ವಾಟ್ಸಾಪ್‌ನಲ್ಲಿ ಬಂತು. ಗ್ರಾಂ ಕ್ರಿಯೇಟಿನಿನ್‌ಗೆ 42 ಮಿಲಿಗ್ರಾಂ ಆಲ್ಬುಮಿನ್, 30ರ ಒಳಗಿರಬೇಕಿತ್ತು. ಜ್ವರ ಬಂದರೂ, ಹಿಂದಿನ ದಿನ ಮೈಮುರಿದು ದುಡಿದರೂ ಇದು ಏರುವುದುಂಟು. ಮೂರು ತಿಂಗಳ ಅಂತರದಲ್ಲಿ ಮತ್ತೆ ಕಂಡರೆ ಮಾತ್ರ ಕಾಯಿಲೆ ಎನ್ನುತ್ತಾರೆ. ಎರಡನೆಯ ಪರೀಕ್ಷೆಯ ದಿನವನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಮಾವನ ಡಯಾಲಿಸಿಸ್ ದಿನಗಳ ಸುತ್ತ ಹಾಕಿದ ಕೆಂಪು ವೃತ್ತಗಳ ನಡುವೆ, ಅವನು ಪೆನ್ಸಿಲ್‌ನಿಂದ ಬರೆದಿಟ್ಟಿದ್ದಾನೆ.